ಸಂತೋಷ ಏಳು ದಾಟಬಾರದು

ನಾನು ಸಂತೋಷ ಇಲಾಖೆಯ ಗಣತಿದಾರಳು. ಮನೆಮನೆಗೆ ಹೋಗಿ "ಹತ್ತಕ್ಕೆ ಎಷ್ಟು ಸಂತೋಷವಾಗಿದ್ದೀರಿ?" ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ನಗಬೇಡಿ, ಇದಕ್ಕೂ ಪರೀಕ್ಷೆ ಬರೆದು ಪಾಸಾಗಿದ್ದೇನೆ. ಜನವೋ, ಗುರುತಿಲ್ಲದ ಹೆಂಗಸಿನ ಮುಂದೆ ಗೋಳು ಹೇಳಿಕೊಳ್ಳಲು ನಾಚಿ, ಸೋರುವ ಸೂರಿನ ಕೆಳಗೆ ನಿಂತೇ "ಎಂಟು ಬರ್ಕೊಳಮ್ಮ" ಎನ್ನುತ್ತಿದ್ದರು.

ಈ ವರ್ಷ ಯಾರದೋ ಯುದ್ಧಕ್ಕೆ ನಾವೂ ಸೇರಬೇಕೆಂದು ಮಂತ್ರಿಗಳಿಗೆ ಆಸೆ ಹುಟ್ಟಿತು. "ಬೀದೀಲಿ ಹೋಗೋ ಮಾರೀನ ಮನೆಗ್ಯಾಕೆ ಕರೀತೀರಿ?" ಎಂದು ವಿರೋಧ ಪಕ್ಷದವರು ಕೂಗಾಡಿದರು. ಮಂತ್ರಿಗಳು ಜಗ್ಗಲಿಲ್ಲ. ದೇಶದ ಸರಾಸರಿ ಸಂತೋಷ ಏಳು ದಾಟಿದರೆ ಜನರ ಒಪ್ಪಿಗೆ ಇದೆಯೆಂದೇ ಅರ್ಥ, ಆಗ ಯುದ್ಧ ಎಂದರು. ಅಷ್ಟಕ್ಕೇ ನಿಲ್ಲಿಸಬಾರದಿತ್ತೆ? ಸುಖವಾಗಿರುವ ಮನೆಯ ಮಕ್ಕಳೇ ಒಳ್ಳೆಯ ಸೈನಿಕರು, ಎಂಟು ದಾಟಿದ ಮನೆಗಳಿಗೇ ಮೊದಲ ಕರೆ ಎಂದೂ ಸೇರಿಸಿದರು. ಚಪ್ಪಾಳೆ ಬಿತ್ತು.

ನನ್ನ ತಮ್ಮನಿಗೆ ಹತ್ತೊಂಬತ್ತು, ಜಿರಲೆ ಕಂಡರೆ ಮಂಚ ಹತ್ತುವ ವೀರ. ಹಿಂದಿನ ವಾರವಷ್ಟೇ ನನ್ನ ಸಹೋದ್ಯೋಗಿಯೊಬ್ಬಳು ಬಂದಾಗ ಹಲ್ಲು ಕಿರಿದು ನಮ್ಮ ಮನೆಗೆ "ಹತ್ತು" ಎಂದು ಬರೆಸಿದ್ದ. ಬರೆದದ್ದನ್ನು ತಿದ್ದುವಂತಿಲ್ಲ. ಅವನನ್ನು ಉಳಿಸಬೇಕೆಂದರೆ ಇಡೀ ದೇಶ ಏಳು ದಾಟಬಾರದು.

ಇಲಾಖೆಯ ಕೈಪಿಡಿಯನ್ನು ನಮ್ಮಲ್ಲಿ ಯಾರೂ ಓದಿರಲಿಲ್ಲ. ನಾನು ಓದಿದೆ. ಉತ್ತರ ಯಾವುದಕ್ಕೆ ಬಳಕೆಯಾಗುತ್ತದೆಂದು ಪ್ರಶ್ನೆಗೆ ಮೊದಲೇ ಮನೆಯವರಿಗೆ ತಿಳಿಸತಕ್ಕದ್ದು ಎಂದು ನಾಲ್ಕನೇ ಪುಟದಲ್ಲಿತ್ತು. ಆಹಾ! ಗಣತಿಯ ಗೆಳತಿಯರಿಗೆಲ್ಲ ತೋರಿಸಿದೆ. ಅವರಿಗೂ ತಮ್ಮಂದಿರು, ಮಕ್ಕಳು ಇದ್ದರಲ್ಲ. ಮರುದಿನದಿಂದ ನಮ್ಮಷ್ಟು ನಿಯಮಪಾಲಕರು ದೇಶದಲ್ಲೇ ಇರಲಿಲ್ಲ.

ಊರಿಗೆ ಊರೇ ದುಃಖದಲ್ಲಿ ಮುಳುಗಿತು. ಹೊಸದಾಗಿ ಮದುವೆಯಾದವರು "ಮೂರು" ಎಂದರು. ಗಿರಾಕಿಯ ಜೊತೆ ಹೊಟ್ಟೆ ಹಿಡಿದು ನಗುತ್ತಿದ್ದ ಕ್ಷೌರಿಕ ಕತ್ತರಿ ಕೆಳಗಿಟ್ಟು, ಮುಖ ಸಣ್ಣದು ಮಾಡಿ, "ಸೊನ್ನೆ ಇದ್ಯೇನಮ್ಮ?" ಎಂದ.

ನಮ್ಮ ನಿರ್ದೇಶಕರು ಕರೆಸಿ ಬೈದರು. "ಯಾರಮ್ಮ ನಿಂಗೆ ಅದನ್ನೆಲ್ಲ ಓದು ಅಂದಿದ್ದು?"

"ಕೈಪಿಡಿಗೆ ರುಜು ಹಾಕಿದ್ದು ನೀವೇ ಸಾರ್."

ಅವರು ಕೈಪಿಡಿಯನ್ನು ಮೇಜಿನ ಖಾನೆಗೆ ತಳ್ಳಿ, "ಲೆಕ್ಕ ಸರಿಯಾಗಿ ಏಳಕ್ಕೆ ಬಂದು ನಿಂತಿದೆ. ಉಳಿದಿರೋದು ಮಂತ್ರಿಗಳ ಮನೆ ಒಂದೇ. ಅಲ್ಲಿ ಪ್ರತಿ ವರ್ಷ ಹತ್ತು. ಸುಮ್ನೆ ಬರ್ಕೊಂಡು ಬಾ" ಎಂದರು. ಆ ಹತ್ತು ಬಿದ್ದರೆ ದೇಶ ಏಳು ದಾಟುತ್ತದೆಂದು ಲೆಕ್ಕ ಹಾಕುತ್ತಲೇ ಹೊರಟೆ.

ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲು ತೆಗೆದದ್ದು ಮಂತ್ರಿಗಳ ಹೆಂಡತಿ. ಒಳಗೆ ಅವರ ಮಗ ಕಾಲು ಚಾಚಿ ರೇಡಿಯೋ ಕೇಳುತ್ತಿದ್ದ. ನಾನು ನಿಯಮದಂತೆ ಎಲ್ಲವನ್ನೂ ಓದಿ ಹೇಳಿದೆ. ಮೊದಲ ಕರೆಯ ಮಾತು ಬಂದಾಗ ಆಕೆ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು.

"ಇದನ್ನ ಯಾರು ಹೇಳಿದ್ದು?"

"ನಿಮ್ಮೆಜಮಾನ್ರೇ ಅಮ್ಮ."

ಮಾಡಿದ್ದುಣ್ಣೋ ಮಹರಾಯ ಎಂದು ಮನಸ್ಸಿನಲ್ಲೇ ನಗಲು ಹೊರಟೆ, ಆಗಲಿಲ್ಲ. ವಾರದಿಂದ ಕನ್ನಡಿಯಲ್ಲಿ ನೋಡುತ್ತಿದ್ದ ಹೆದರಿದ ಮುಖವೇ ನನ್ನೆದುರು ನಿಂತಿತ್ತು.

"ನಿಮ್ಮನೇಲಿ ಯಾರಿದಾರೆ?" ಎಂದರು ಮೆಲ್ಲಗೆ.

"ತಮ್ಮ. ಹತ್ತೊಂಬತ್ತು."

ಆಕೆ ತಿರುಗಿ ಮಗನನ್ನು ಒಂದು ಗಳಿಗೆ ನೋಡಿದರು. ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ತಾವೇ ದಪ್ಪಗೆ "ಎರಡು" ಎಂದು ಬರೆದರು.

"ಯಾಕೆ ಎರಡು ಅಂತ ಅವರು ಕೇಳಿದ್ರೆ, ನಿಮ್ಮ ಹೆಂಡ್ತಿ ಮೂವತ್ತು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದಾರಂತೆ ಅನ್ನು."