ಅಪ್ಪ ಬಣ್ಣ ಬಳಿದ ಅಕ್ಷರ

"ಮನೇಲಿ ಏನಾದ್ರೂ ಬರೀಲಿ, ತಪ್ಪಾದ್ರೂ ಪರವಾಗಿಲ್ಲ" ಎಂದು ಟೀಚರ್ ಹೇಳಿದ ದಿನವೇ ಬಾಗಿಲ ಪಕ್ಕದ ಗೋಡೆಯನ್ನು ಮಗಳಿಗೆ ಬಿಟ್ಟುಕೊಟ್ಟೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿ ನನ್ನದು ಬೆಳಗಿನ ಪಾಳಿ. ಆರು ವರ್ಷದ ಅವಳು ಏಳುವ ಮೊದಲೇ ಹೊರಟುಬಿಡುತ್ತೇನೆ. ನನಗೆ ಹೇಳಬೇಕಾದ್ದನ್ನು ಅವಳು ಶಾಲೆಗೆ ಹೋಗುವ ಮುಂಚೆ ಸೀಮೆಸುಣ್ಣದಲ್ಲಿ ಗೋಡೆಗೆ ಹೇಳಬೇಕು, ಇದು ನಮ್ಮ ಒಪ್ಪಂದ.

ಮೊದಲ ದಿನ ಬಂದು ನೋಡಿದರೆ, "ಅಮ್ಮ ಜಡೆ ಅಪ್ಪ ಹಾಕಿದ ನೋವು." ಒಂದಕ್ಷರ ಮೇಲೆ ಹತ್ತಿತ್ತು, ಇನ್ನೊಂದು ಕೆಳಗೆ ಜಾರಿತ್ತು. ಸಂಜೆ ಅವಳೆದುರೇ ಓದಿ ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಪಕ್ಕದ ಮನೆಯವಳನ್ನೂ ಕರೆದು ತೋರಿಸಿದೆ. ಮರುದಿನ, "ಹಲ್ಲು ಅಲ್ಲಾಡತಿದೆ ಮುಟ್ಟಬೇಡ." ಅದಕ್ಕೂ ನಕ್ಕೆವು.

ನನ್ನ ಗಂಡ ಅಂಗಡಿಗಳ ಬೋರ್ಡ್ ಬರೆಯುವವನು. ಸೊಟ್ಟ ಅಕ್ಷರ ಕಂಡರೆ ಮೈ ಪರಚಿಕೊಳ್ಳುತ್ತಾನೆ. ಸೀಮೆಸುಣ್ಣದ ಗುರುತು ಕಂಡರೆ ಅದರ ಮೇಲೆ ಬಣ್ಣ ಎಳೆಯುವುದು ಇಪ್ಪತ್ತು ವರ್ಷದ ಅಭ್ಯಾಸ. ಮೂರನೆಯ ದಿನ ಅವಳು "ಅಮ್ಮ ಬೇಗ ಬಾ" ಎಂದು ಬರೆದಿದ್ದಳು. ಈ ಮಹಾಶಯ ಅದರ ಮೇಲೆ ಕೆಂಪು ಬಳಿದು, ಹಳದಿ ನೆರಳು ಕೊಟ್ಟು, ಗೆರೆ ಎಳೆದ ಹಾಗೆ ನೆಟ್ಟಗೆ ನಿಲ್ಲಿಸಿದ್ದ.

"ಅಬ್ಬಾ, ಎಷ್ಟು ಚೆನ್ನಾಗಿದೆ!" ಅಂದೆ. ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು.

ಮರುದಿನ ಗೋಡೆಯಲ್ಲಿ ಹೊಸದೊಂದು ಅಕ್ಷರವೂ ಇಲ್ಲ. ಅದರ ಮರುದಿನವೂ ಇಲ್ಲ. ವಾರ ಕಳೆದ ಮೇಲೆ ಟೀಚರ್ ಕರೆಸಿದರು. ತರಗತಿಯಲ್ಲೂ ಪೆನ್ಸಿಲ್ ಹಿಡಿದು ಸುಮ್ಮನೆ ಕೂರುತ್ತಾಳಂತೆ.

ನನಗೆ ಸಿಟ್ಟು ನೆತ್ತಿಗೇರಿತು. "ಮಗು ಬರೆದದ್ದನ್ನ ಮಗು ಬರೆದ ಹಾಗೇ ಬಿಡೋಕೆ ನಿಮಗೇನು ರೋಗ?" ಎಂದು ಗಂಡನ ಮೇಲೆ ಹರಿಹಾಯ್ದೆ.

"ಚಂದ ಮಾಡಿದ್ದೂ ತಪ್ಪಾ?" ಎಂದು ಅವನು ಮುಖ ಊದಿಸಿಕೊಂಡ.

ಟರ್ಪೆಂಟೈನ್ ಹಾಕಿ ಗೋಡೆ ಉಜ್ಜಿದೆ. ಕೆಳಗೆ ಅವಳ ಅಕ್ಷರ ಉಳಿದಿರಬಹುದೆಂಬ ಹುಚ್ಚು ಆಸೆ. ಬಣ್ಣದ ಜೊತೆಗೆ ಅದೂ ಅಳಿಸಿಹೋಯಿತು. ಆಮೇಲೆ ಮಗಳನ್ನು ಕೂರಿಸಿಕೊಂಡು ಕೈಗೆ ಸೀಮೆಸುಣ್ಣ ಇಟ್ಟೆ.

"ಬರಿ ಚಿನ್ನ. ಅಪ್ಪ ಇನ್ಮೇಲೆ ಮುಟ್ಟಲ್ಲ, ಚೆನ್ನಾಗಿ ಬೈದಿದೀನಿ."

ಅವಳು ಅದನ್ನು ನನ್ನ ಮಡಿಲಿಗೇ ವಾಪಸ್ ಹಾಕಿದಳು.

"ಅಪ್ಪ ಬರೆದ್ರೆ ನೀನು ನಗಲ್ಲ" ಅಂದಳು.

ಗಂಡನ ಮೇಲೆ ಕೂಗಾಡಿದ ಬಾಯಿ ನನ್ನದು. ಅವಳ ಅಕ್ಷರ ಓದಿ ಓದಿ ನಕ್ಕಿದ್ದೂ ಅದೇ ಬಾಯಿ.