ಯಾರಿಗೆ ತಿಳಿಸಬೇಕು

ಮಧ್ಯಾಹ್ನ ನಾಲ್ಕು ಗಂಟೆಗೆ ಬಾಗಲಕೋಟೆಯ ಒಂದು ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಇಳಕಲ್ಲಿನ ಅಮೀನಬಿ ಒಬ್ಬರೇ ಕೂತಿದ್ದರು. ಪೊರೆ ತೆಗೆದ ಎಡಗಣ್ಣಿಗೆ ಪಟ್ಟಿ ಕಟ್ಟಿತ್ತು. ಹನ್ನೊಂದಕ್ಕೇ ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಅವರ ಫೋನು ಊರಲ್ಲೇ ಉಳಿದಿತ್ತು.

“ಮೂರು ಮಂದೀದು ನಂಬರ್ ಬರೆಸೇನಿ. ಮೂರೂ ಮಂದಿಗೆ ನಾ ಬ್ಯಾಡಾದೆನೇನಪಾ?” ಎಂದು ಕೌಂಟರಿನ ನಾಗಲಿಂಗನನ್ನು ಕೇಳಿದರು.

“ಕಂಪ್ಯೂಟರ್‌ನ್ಯಾಗ ಒಂದ ನಂಬರ್ ಐತ್ರಿ. ಅಯಾನ ಅಂತ. ಫೋನ್ ಬಂದ್ ಐತಿ.”

“ಮೊಮ್ಮಗ. ಇವತ್ತ ಪರೀಕ್ಷಾ ಐತಿ ಅವಂದು.”

ನಾಗಲಿಂಗ ರಾಧಿಕಾಗೆ ಫೋನ್ ಮಾಡಿದ. ರೋಗಿಯನ್ನು ಬಿಟ್ಟಾಗ ಮನೆಯವರಿಗೆ ತಾನಾಗಿ ಮೆಸೇಜ್ ಕಳಿಸುವ, ಆಸ್ಪತ್ರೆಯ ಕಂಪ್ಯೂಟರಿನ ನೋಂದಣಿ ಫಾರ್ಮ್ ಮಾಡಿಕೊಟ್ಟವಳು ಅವಳು. ವಿದ್ಯಾಗಿರಿಯ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದು ಅಲ್ಲಿಂದಲೇ ಕೆಲಸ ಮಾಡುತ್ತಿದ್ದಳು. ಲ್ಯಾಪ್‌ಟಾಪ್ ಹಿಡಿದು ಬಂದಳು.

ಬಂದದ್ದನ್ನೆಲ್ಲ ಬರೆದಿಡುವ ಸರ್ವರಿನ ಲಾಗ್‌ನಲ್ಲಿ ಅಮೀನಬಿಯ ಫಾರ್ಮ್ ಸಿಕ್ಕಿತು. ‘ತಿಳಿಸಬೇಕಾದವರು’ ಎಂಬ ಒಂದೇ ಹೆಸರಿನಡಿ ಮೂರು ನಂಬರುಗಳು ಬಂದಿದ್ದವು: ಮಗಳು ತಬಸುಮ, ಅಳಿಯ ಶಾಹಿದ, ಮೊಮ್ಮಗ ಅಯಾನ. ರಾಧಿಕಾಳ ಕೋಡ್ ಪೂರ್ತಿ ಪಟ್ಟಿಯನ್ನು ಕೇಳಬೇಕಿತ್ತು, ಒಂದನ್ನೇ ಕೇಳಿತ್ತು. ಹಾಗೆ ಕೇಳಿದರೆ ಅವಳು ಬಳಸಿದ, ಸಿದ್ಧ ಕೋಡಿನ ಚೌಕಟ್ಟಾದ ಫ್ರೇಮ್‌ವರ್ಕ್ ಕೊನೆಯದನ್ನಷ್ಟೇ ಕೊಡುತ್ತದೆ. ತಪ್ಪಾಯಿತೆಂದು ಹೇಳುವುದೂ ಇಲ್ಲ.

“ತಪ್ಪು ನಂದ್ರಿ ಅಮ್ಮಾ. ನಿಮ್ಮ ಮಗಳಿಗೆ ಸುದ್ದೀನ ಹೋಗಿಲ್ಲ.”

“ಹೋಗಿಲ್ಲೇನು? ಹಂಗಾರ ಚಲೋ ಆತು ಬಿಡವಾ,” ಎಂದರು ಅಮೀನಬಿ.

ರಾಧಿಕಾ ಓದಿದ ನಂಬರನ್ನು ನಾಗಲಿಂಗ ಒತ್ತಿದ. ತಬಸುಮ ಹುನಗುಂದದಲ್ಲಿದ್ದಳು. “ಮೆಸೇಜ್ ಬಂದ ಮ್ಯಾಲ ಬರ್ರಿ ಅಂದಿದ್ರಿ. ನಾಳಿಗೆ ಬಿಡ್ತಾರಂತ ತಿಳಕೊಂಡಿದ್ದೆ. ಈಗ ಹೊಂಟೆ,” ಎಂದಳು.

ಫೋನಿಟ್ಟು ನಾಗಲಿಂಗ ಕೇಳಿದ: “ಟೆಸ್ಟ್ ಮಾಡಿದ್ದಿಲ್ಲೇನ್ರಿ ಮೇಡಂ?”

“ಮಾಡಿದ್ದೆ. ಒಂದ ನಂಬರ್ ಹಾಕಿದ್ದೆ.”

“ಯಾರದು?”

“ನಂದು.”

“ಪೇಷಂಟೂ ನೀವ, ಮನಿ ಮಂದೀನೂ ನೀವ?” ಎಂದು ನಕ್ಕ.

ರಾಧಿಕಾ ಕೋಡಿನ ಸಾಲು ತಿದ್ದುತ್ತಿದ್ದಳು.

ಆರಕ್ಕೆ ತಬಸುಮ ಬಂದು ತಾಯಿಯನ್ನು ಕೈಹಿಡಿದು ಕರೆದೊಯ್ದಳು. ತಿದ್ದಿದ್ದನ್ನು ಪರೀಕ್ಷಿಸಲು ರಾಧಿಕಾ ತನ್ನದೇ ಹೆಸರಿನಲ್ಲಿ ಹೊಸ ಫಾರ್ಮ್ ತುಂಬಿದಳು. ಮೊದಲ ಸಾಲಿಗೆ ತನ್ನ ನಂಬರ್ ಹಾಕಿದಳು. ಎರಡನೆಯದಕ್ಕೆ ಫೋನಿನ ಹೆಸರುಗಳನ್ನು ಕೆಳತನಕ ಸರಿಸಿ ನೋಡಿ, ಮತ್ತೆ ಮೇಲಕ್ಕೆ ಬಂದಳು.

“ನಾಗಲಿಂಗ, ಇನ್ನೊಂದು ನಂಬರ್ ಬೇಕಾಗಿತ್ತು.”

ಅವನು ಕೌಂಟರಿನ ಮೊಬೈಲ್ ನಂಬರ್ ಹೇಳಿದ.

ಆರು ಹತ್ತಕ್ಕೆ, ‘ರಾಧಿಕಾ ಅವರನ್ನು ಮನೆಗೆ ಕರೆದೊಯ್ಯಬಹುದು’ ಎಂಬ ಮೆಸೇಜ್ ಎರಡೂ ಫೋನುಗಳಿಗೆ ಬಂತು.