ಅಮಸಿದ್ದಪ್ಪ ಮುಚ್ಚಿಟ್ಟ ಎಣ್ಣೆ ಟಾಕಿ

ಇಳಕಲ್ಲಿಗೆ ನಾಲ್ಕು ಮೈಲಿ ದೂರದ ಒಂದು ಊರು. ಅಲ್ಲಿ ಮೇಲಿನ ಓಣಿಯ ಹನ್ನೆರಡು ಮನೆಯವರು ಕುಡಿಯುತ್ತಿದ್ದುದು ಅಮಸಿದ್ದಪ್ಪನ ಬಾವಿಯ ನೀರನ್ನೇ. ೧೯೮೪ರ ಬೇಸಿಗೆಯಲ್ಲಿ ಆ ನೀರಿಗೆ ವಾಸನೆ ಹಿಡಿಯಿತು. ಮೊದಲು ಅವನ ಕುರಿಗಳು ನೀರಿಗೆ ಮೂತಿ ಇಟ್ಟು ಹಿಂದೆ ಸರಿದವು. ಆಮೇಲೆ ಹೆಂಡತಿ ಬೋರವ್ವ ಕೊಡ ತಂದು ಅವನ ಮುಂದಿಟ್ಟಳು.

"ನೀರಿನ ಮ್ಯಾಲ ಎಣ್ಣಿ ತೇಲಾಕತ್ತೈತಿ, ನೋಡ್ರಿ."

ಪಂಪಿನ ಎಣ್ಣೆ ಇರಬೇಕು, ಅರಿವೆಯಲ್ಲಿ ಸೋಸಿ ಕಾಯಿಸಿದರೆ ಸರಿಹೋಗುತ್ತದೆ ಎಂದ ಅಮಸಿದ್ದಪ್ಪ. ಓಣಿಯವರು ಕೇಳಿದಾಗಲೂ ಅದನ್ನೇ ಹೇಳಿದ. ಆದರೆ ಹಾಗೆನ್ನುವಾಗ ಅವನಿಗೆ ಯಾರ ಮುಖವನ್ನೂ ನೋಡಲಾಗಲಿಲ್ಲ.

ಬಾವಿಯಿಂದ ಎಂಬತ್ತು ಹೆಜ್ಜೆ ಮೇಲೆ, ಮುಚ್ಚಿಹೋದ ಕಲ್ಲು ಕ್ವಾರಿಯ ಅಂಗಳವಿತ್ತು. ಅಲ್ಲಿ ನೆಲದೊಳಗೆ ಡೀಸೆಲ್ ತುಂಬಿಡುವ ಕಬ್ಬಿಣದ ಟಾಕಿಯೊಂದನ್ನು ಹುಗಿದಿದ್ದರು. ಮಾಲಕ ಕ್ವಾರಿ ಬಿಟ್ಟು ಹೋಗುವಾಗ ಅದರ ಬಾಯಿಗೆ ಬಂಡೆ ಎಳೆದು ಮಣ್ಣು ಸುರಿದಿದ್ದ. ಆರು ವರ್ಷದಲ್ಲಿ ಊರವರು ಅದನ್ನು ಮರೆತೇಬಿಟ್ಟಿದ್ದರು. ಅಮಸಿದ್ದಪ್ಪ ಮರೆತಿರಲಿಲ್ಲ. ಆ ಟಾಕಿಗೆ ಕಾವಲುಗಾರನಾಗಿದ್ದವನು ಅವನೇ.

ವಾರಕ್ಕೊಮ್ಮೆ ಊರಿಗೆ ಬರುವ ನರ್ಸ್ ಖೈರುನಬಿ ಓಣಿಯ ಮಕ್ಕಳ ವಾಂತಿ, ತಲೆನೋವು ಕಂಡು ನೀರು ತರಿಸಿ ನೋಡಿದಳು. ಆಮೇಲೆ ಅಮಸಿದ್ದಪ್ಪನ ಮನೆಗೆ ಬಂದಳು.

"ಕಾಕಾ, ನೀರು ಕಾಸಿದ್ರ ರೋಗದ ಹುಳ ಸಾಯ್ತಾವು, ಡೀಸೆಲ್ ಹೋಗಂಗಿಲ್ಲ. ಸೋಸಿದ್ರೂ ಹೋಗಂಗಿಲ್ಲ. ಈ ನೀರು ಕುಡಿಯೂದು, ಅಡಗಿಗೆ ಹಾಕೂದು ಇವತ್ತ ಬಿಡ್ರಿ. ಸುತ್ತಮುತ್ತ ಹಳೇ ಎಣ್ಣಿ ಟಾಕಿ ಏನರ ಐತೇನ್ರಿ?"

"ಇಲ್ಲವ್ವಾ," ಎಂದ ಅಮಸಿದ್ದಪ್ಪ.

ಅವನ ಬಾಯಿ ಕಟ್ಟಿಹಾಕಿದ್ದು ಒಂದು ಹಳೆಯ ಮಾತು. ಕ್ವಾರಿಯ ಕಡೆಯ ವರ್ಷ, ದಿನಾ ಬೆಳಿಗ್ಗೆ ಅಳತೆ ಕೋಲು ಇಳಿಸಿದರೆ ಡೀಸೆಲ್ ಲೆಕ್ಕಕ್ಕಿಂತ ಒಂದೆರಡು ಬೆರಳು ಕಡಿಮೆ ಇರುತ್ತಿತ್ತು. ಮಾಲಕ ಗದರಿದಾಗ ತನ್ನ ಕೆಲಸ ಉಳಿಸಿಕೊಳ್ಳಲು ಅಮಸಿದ್ದಪ್ಪ ಲಾರಿ ಡ್ರೈವರ್ ಶಾಬುದ್ದೀನನ ಹೆಸರು ಹೇಳಿದ್ದ. ಕದ್ದದ್ದನ್ನು ನೋಡಿರಲಿಲ್ಲ, ನೋಡಿದೆ ಎಂದಿದ್ದ. ಶಾಬುದ್ದೀನನ ಕೆಲಸ ಹೋಯಿತು. ಅವನ ಹೆಂಡತಿ ಮುಮ್ತಾಜ ನೀರಿಗೆ ಬಂದರೆ ಹೆಂಗಸರು ಕೊಡ ಸರಿಸಿಕೊಳ್ಳುತ್ತಿದ್ದರು. ಕೊನೆಗೆ ಆ ಮನೆಯವರು ಊರನ್ನೇ ಬಿಟ್ಟು ಇಳಕಲ್ ಸೇರಿದರು. ಈಗ ಟಾಕಿ ಸೋರಿದೆಯೆಂದರೆ ಶಾಬುದ್ದೀನ ಕಳ್ಳನಲ್ಲ ಎಂದಾಯಿತು. ಹಾಗಾದರೆ ತಾನು ಯಾರು?

ಬೋರವ್ವನೂ ಓಣಿಯ ಉಳಿದವರೂ ನರ್ಸಿನ ಮಾತು ಕೇಳಿ ಶಾಲೆಯ ಹತ್ತಿರದ ಕೊಳವೆ ಬಾವಿಯಿಂದ ನೀರು ಹೊರತೊಡಗಿದರು. ಪಕ್ಕದ ಮನೆಯ ಮುದುಕಿ ರಂಗವ್ವನಿಗೆ ಅಷ್ಟು ದೂರ ಹೊರಲು ಶಕ್ತಿಯಿರಲಿಲ್ಲ. ಅಮಸಿದ್ದಪ್ಪನೇ ಏನೂ ಆಗುವುದಿಲ್ಲ ಎಂದಿದ್ದಾನಲ್ಲ ಎಂದು ಬಾವಿ ನೀರನ್ನೇ ಕಾಯಿಸಿ ಮೊಮ್ಮಗಳಿಗೆ ಕುಡಿಸಿದಳು. ಎಂಟನೆಯ ದಿನ ಆ ಹುಡುಗಿಯನ್ನು ವಾಂತಿ ನಿಲ್ಲದೆ ಚಕ್ಕಡಿಯಲ್ಲಿ ಇಳಕಲ್ ದವಾಖಾನೆಗೆ ಒಯ್ದರು. ಚಕ್ಕಡಿ ಹೊಡೆದವನು ಅಮಸಿದ್ದಪ್ಪ. "ನೀ ಇದ್ದೀ ಅಂತ ಧೈರ್ಯ, ತಮ್ಮಾ," ಎಂದು ರಂಗವ್ವ ದಾರಿಯುದ್ದಕ್ಕೂ ಹೇಳುತ್ತಿದ್ದಳು. ಅವನು ಎತ್ತುಗಳ ಬೆನ್ನು ನೋಡುತ್ತ ಕೂತಿದ್ದ.

ಹುಡುಗಿ ಉಳಿದಳು. ಅಮಸಿದ್ದಪ್ಪ ದವಾಖಾನೆಯಿಂದ ನೆಟ್ಟಗೆ ಖೈರುನಬಿಯ ಮನೆಗೆ ಹೋದ.

"ಟಾಕಿ ಐತಿ, ಅಕ್ಕಾರ. ನಾ ಸುಳ್ಳ ಹೇಳಿದ್ದೆ."

ಅವಳು ಬೈಯಲಿಲ್ಲ. ಜಾಗ ಎಲ್ಲಿ, ಎಷ್ಟು ಆಳ ಎಂದು ಕೇಳಿ ಬರೆದುಕೊಂಡಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವಳ ಅರ್ಜಿ ಹುನಗುಂದದ ತಾಲೂಕು ಕಚೇರಿ ಮುಟ್ಟಿತು. ಅಂತರ್ಜಲ ಪರೀಕ್ಷೆ ಮಾಡುವ ಸಾಹೇಬರು ಕೆಲಸಗಾರರೊಂದಿಗೆ ಬಂದರು. ಬಂದವರೇ, ನೋಡಲು ಸೇರಿದ್ದವರ ಬೀಡಿಗಳನ್ನೆಲ್ಲ ಆರಿಸಿದರು. ಟಾಕಿಯಿಂದ ಬಾವಿಯವರೆಗೆ ಐದು ಕಡೆ, ಟಾಕಿಯ ಮೇಲ್ಗಡೆ ಒಂದು ಕಡೆ ನೆಲ ಕೊರೆದರು. ತೆಗೆದ ಮಣ್ಣನ್ನು ಬೇರೆ ಬೇರೆ ಬಾಟಲಿಯಲ್ಲಿ ಹಾಕಿ, ನೀರು ಬೆರೆಸಿ ಅಲುಗಾಡಿಸಿ ಇಟ್ಟರು. ಮೇಲ್ಗಡೆಯ ಮಣ್ಣಿನ ನೀರು ತಿಳಿಯಾಯಿತು. ಉಳಿದ ಐದರಲ್ಲೂ ಎಣ್ಣೆಯ ಬಣ್ಣದ ಪೊರೆ ಎದ್ದಿತು. ಗರಸು ಮಣ್ಣಿನಲ್ಲಿ, ಕಲ್ಲಿನ ಬಿರುಕಿನಲ್ಲಿ ಡೀಸೆಲ್ ಇಷ್ಟು ವರ್ಷ ಇಳಿದಿಳಿದು ಬಾವಿ ಸೇರಿದೆ ಎಂದು ಸಾಹೇಬರು ಬಿಡಿಸಿ ಹೇಳಿದರು. ತಿಳಿದ ಕೆಲಸಗಾರರು ತಳದಲ್ಲಿ ಉಳಿದಿದ್ದ ಎಣ್ಣೆಯ ಗಸಿ ತೆಗೆದು, ಟಾಕಿಗೆ ಗಾಳಿ ಆಡಿಸಿ, ಅದನ್ನು ಮೇಲೆತ್ತಿದರು. ಅಡಿಯಲ್ಲಿ ತುಕ್ಕು ತಿಂದ ತೂತುಗಳು. ಒಂದರೊಳಗೆ ಹೆಬ್ಬೆರಳು ಹೋಗುವಂತಿತ್ತು.

ಮರುದಿನ ಅಮಸಿದ್ದಪ್ಪ ಇಳಕಲ್ಲಿಗೆ ಹೋದ. ಶಾಬುದ್ದೀನ ಅಲ್ಲಿನ ಕಲ್ಲಿನ ಕಾರ್ಖಾನೆಯಲ್ಲಿ ಮಶೀನಿನಿಂದ ಕಲ್ಲಿಗೆ ಪಾಲಿಶ್ ಹಿಡಿಯುತ್ತಿದ್ದ. ಮೈಯೆಲ್ಲ ಬಿಳಿ ಧೂಳು.

"ಟಾಕಿ ಸೋರತಿತ್ತು, ಶಾಬುದ್ದೀನ. ನೀ ಕದ್ದಿದ್ದಿಲ್ಲ. ನಾ ನೋಡಿದ್ದೂ ಇಲ್ಲ."

ಶಾಬುದ್ದೀನ ಮಶೀನು ನಿಲ್ಲಿಸಿದ. "ಕದ್ದಿಲ್ಲಂತ ನನಗ ಗೊತ್ತೈತಿ, ಮಾಮಾ. ಗೊತ್ತಾಗಬೇಕಾದ್ದು ಊರವ್ರಿಗೆ. ಹೋಗಿ ಅವ್ರ ಮುಂದ ಹೇಳ್ರಿ."

ಮತ್ತೆ ಮಶೀನು ಶುರುವಾಯಿತು.

ಬೀರಪ್ಪನ ಗುಡಿಯ ಕಟ್ಟೆಯ ಮೇಲೆ, ಎಲ್ಲರ ಎದುರು ಅಮಸಿದ್ದಪ್ಪ ತನ್ನ ಎರಡೂ ಸುಳ್ಳುಗಳನ್ನು ಒಪ್ಪಿಕೊಂಡ. ಮುಮ್ತಾಜಳನ್ನು ಕಂಡು ಕೊಡ ಸರಿಸಿಕೊಂಡಿದ್ದ ಹೆಂಗಸರು ನೆಲ ನೋಡಿದರು. ಅವರಲ್ಲಿ ಬೋರವ್ವನೂ ಇದ್ದಳು.

ಕೆಟ್ಟ ಮಣ್ಣನ್ನು ಅಗೆದು ಸಾಗಿಸಿದ್ದಾರೆ. ಬಾವಿ ಇನ್ನೂ ಮುಚ್ಚಿಯೇ ಇದೆ. ಪರೀಕ್ಷೆಯಲ್ಲಿ ನೀರು ಒಳ್ಳೆಯದೆಂದು ಬರುವವರೆಗೆ ತೆರೆಯುವಂತಿಲ್ಲ, ವರ್ಷಗಳೇ ಹಿಡಿಯಬಹುದು. ಶಾಬುದ್ದೀನ ಊರಿಗೆ ಮರಳಲಿಲ್ಲ. ರಂಗವ್ವನ ಮನೆಗೆ ದಿನಾ ಎರಡು ಕೊಡ ನೀರು ಅಮಸಿದ್ದಪ್ಪನೇ ಹೊರುತ್ತಾನೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಊರಲ್ಲೂ ಮುಚ್ಚಿದ ಪೆಟ್ರೋಲ್ ಬಂಕೋ ಕ್ವಾರಿಯೋ ಗಿರಣಿಯೋ ಇರಬಹುದು, ಅದರ ನೆಲದಡಿ ಎಣ್ಣೆ ಟಾಕಿ ಉಳಿದಿರಬಹುದು. ನೀರಿಗೆ ಎಣ್ಣೆಯ ವಾಸನೆ ಬಂದರೆ ಅದನ್ನು ಕುಡಿಯಬೇಡಿ, ಕಾಯಿಸಿಯೂ ಕುಡಿಯಬೇಡಿ. ಟಾಕಿಯ ಹತ್ತಿರ ಬೆಂಕಿ ಕಡ್ಡಿ ಗೀರಬೇಡಿ, ನೀವಾಗಿ ತೆರೆಯಬೇಡಿ, ಒಳಗೆ ಇಳಿಯಬೇಡಿ. ಆರೋಗ್ಯ ಕೇಂದ್ರಕ್ಕೆ, ತಾಲೂಕು ಕಚೇರಿಗೆ ತಿಳಿಸಿ. ಟಾಕಿ ಎಲ್ಲಿದೆಯೆಂದು ಗೊತ್ತಿದ್ದವರು ಇವತ್ತೇ ಬಾಯಿ ಬಿಡಿ. ನಾಚಿಕೆಯಾಗುತ್ತದೆ, ನಿಜ. ನಾಚಿಕೊಂಡೇ ಹೇಳಿ.